ಕಾರ್ಟ್ರಿಜ್ಜಿನ ಬೆನ್ನ ಮೇಲಿನ ಚಿನ್ನ

ಶಾಯಿಯಿಂದ ಅಚ್ಚುಮಾಡುವ ಪ್ರಿಂಟರನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಅರಿಯದವರಲ್ಲ. ಶಾಯಿ ತೀರಿದೊಡನೆ ಹಳೆಯ ಕಾರ್ಟ್ರಿಜ್ಜನ್ನು ತೆಗೆದು, ಹೊಸದನ್ನು ಅದರ ತೊಟ್ಟಿಲಿನಲ್ಲಿಟ್ಟು ಒತ್ತಿದರೆ ‘ಟಕ್’ ಎಂಬ ಸದ್ದಾಗುವುದು. ಕೆಲಸವಾಯಿತೆಂದು ನಾವು ಮುಚ್ಚಳವನ್ನು ಹಾಕಿಬಿಡುವೆವು. ಆ ಒಂದು ಸದ್ದಿನೊಳಗೆ ಹತ್ತಾರು ವಿದ್ಯುತ್ ಸಂಪರ್ಕಗಳು ಏಕಕಾಲದಲ್ಲಿ ಕೂಡಿಕೊಂಡಿರಬೇಕು. ಬೆಸುಗೆಯಿಲ್ಲ, ತಿರುಪಿಲ್ಲ, ಕೂಡಿಸುವವರು ಕುಶಲ ಕೆಲಸಗಾರರೂ ಅಲ್ಲ. ಅವುಗಳಲ್ಲಿ ಒಂದು ಕೂಡದಿದ್ದರೆ, ಒಳಗೆ ಶಾಯಿ ಅರ್ಧಕ್ಕೂ ಮಿಕ್ಕು ಇರುವಾಗಲೇ ‘ಇದು ಕೆಟ್ಟಿದೆ’ ಎಂದು ಎಸೆದು, ಮತ್ತೊಂದಕ್ಕೆ ಹಣ ತೆರುವ ಮನೆಗಳು ಎಷ್ಟೋ ಇವೆ. ಆದಕಾರಣ ಈ ಸಂಪರ್ಕವನ್ನು ಹೇಗೆ ಏರ್ಪಡಿಸಿರುವರೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಕಾರ್ಟ್ರಿಜ್ಜುಗಳಲ್ಲಿ ಎರಡು ಬಗೆಯುಂಟು. ಕೆಲವು ಬರಿಯ ಶಾಯಿಯ ಭರಣಿಗಳು. ಕೆಲವುಗಳಲ್ಲಿ ಶಾಯಿಯನ್ನು ಚಿಮ್ಮಿಸುವ ಭಾಗವೂ ಸೇರಿರುತ್ತದೆ. ನಾವು ಮುಖ್ಯವಾಗಿ ಹೇಳುವುದು ಎರಡನೆಯ ಬಗೆಯನ್ನು ಕುರಿತು. ಶಾಯಿಯನ್ನು ಶಾಖದಿಂದ ಚಿಮ್ಮಿಸುವ ಉಪಾಯವನ್ನು 1970ರ ದಶಕದ ಕೊನೆಯ ಭಾಗದಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯವರೂ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರೂ ಪ್ರತ್ಯೇಕವಾಗಿ ಕಂಡುಕೊಂಡರು. 1984ರಲ್ಲಿ ಹೊರಬಂದ ‘ಥಿಂಕ್‌ಜೆಟ್’ ಯಂತ್ರದ ಕಾರ್ಟ್ರಿಜ್ಜಿನಲ್ಲಿ 12 ರಂಧ್ರಗಳು ಮಾತ್ರ ಇದ್ದವು. ಪ್ರತಿಯೊಂದು ರಂಧ್ರದ ಹಿಂದೆಯೂ ಒಂದು ಅತಿಸೂಕ್ಷ್ಮವಾದ ಕಾವಿನ ತಗಡು. ಸೆಕೆಂಡಿನ ಲಕ್ಷಾಂಶಕ್ಕಿಂತಲೂ ಕಡಮೆ ಕಾಲ ಅದರಲ್ಲಿ ವಿದ್ಯುತ್ತು ಹರಿದರೆ, ಅದಕ್ಕೆ ತಗುಲಿದ ಶಾಯಿಯ ತೆಳುಪದರವು 300 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯ್ದು ಗುಳ್ಳೆಯೇಳುವುದು. ಆ ಗುಳ್ಳೆಯು ಒಂದು ಹನಿಯನ್ನು ಹೊರಕ್ಕೆ ನೂಕುವುದು.

ಇಷ್ಟು ಅಲ್ಪಕಾಲದಲ್ಲಿ ತಕ್ಕಷ್ಟು ಶಕ್ತಿಯು ತಲಪಲೇಬೇಕು. ಸಂಪರ್ಕದಲ್ಲಿ ರೋಧವು ಹೆಚ್ಚಿದರೆ ಶಕ್ತಿಯ ಒಂದು ಪಾಲು ಅಲ್ಲಿಯೇ ವ್ಯಯವಾಗಿ, ಗುಳ್ಳೆಯೇಳದು, ಹನಿ ಬೀಳದು. ಕಾಗದದ ಮೇಲೆ ಆ ಸಾಲು ಬಿಳಿಯಾಗಿ ಉಳಿಯುವುದು. 12 ಸಾಲುಗಳ ಅಕ್ಷರದಲ್ಲಿ ನಡುವಣ ಸಾಲು ಹೋದರೆ 8 ಎಂಬುದು 0 ಆಗಿ ತೋರಬಹುದು! ಕನ್ನಡದಲ್ಲಾದರೋ ದಕಾರಕ್ಕೂ ಧಕಾರಕ್ಕೂ ಭೇದವು ಕೆಳಗಣ ಒಂದು ಸಣ್ಣ ಗೀಟಿನಲ್ಲಿದೆಯಷ್ಟೆ. ಅಂಕಪಟ್ಟಿಗಳನ್ನು ಅಚ್ಚುಮಾಡುವ ನಮ್ಮಂಥವರಿಗೆ ಇದು ವಿನೋದದ ಮಾತಲ್ಲ. ಅನಂತರದ ಕಾರ್ಟ್ರಿಜ್ಜುಗಳಲ್ಲಿ ರಂಧ್ರಗಳು ನೂರಾರಾದುವು. ಒಂದೊಂದಕ್ಕೆ ಒಂದೊಂದು ತಂತಿ ಅಸಾಧ್ಯವಾದುದರಿಂದ, ಒಳಗೆಯೇ ಟ್ರಾನ್ಸಿಸ್ಟರುಗಳನ್ನಿಟ್ಟು ಒಂದು ಸಂಪರ್ಕವು ಒಂದು ಗುಂಪನ್ನೇ ನಡಸುವಂತೆ ಮಾಡಿದರು. ಸಂಪರ್ಕಗಳ ಸಂಖ್ಯೆ ತಗ್ಗಿತು, ನಿಜ. ಆದರೆ ಒಂದು ತಪ್ಪಿದರೆ ಇಡೀ ಗುಂಪೇ ಮೂಕವಾಗುವುದು.

ಲೋಹಕ್ಕೆ ಲೋಹವು ತಗುಲಿದ ಮಾತ್ರಕ್ಕೆ ಸಂಪರ್ಕವಾಯಿತೆಂದು ತಿಳಿಯಬಾರದು. ಬೀಸುವ ಕಲ್ಲಿನ ಎರಡು ಮುಖಗಳು ಹೇಗೆ ಉಬ್ಬುಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುವುವೋ ಹಾಗೆಯೇ, ಕಣ್ಣಿಗೆ ಕನ್ನಡಿಯಂತೆ ನುಣುಪಾದ ಲೋಹವೂ ಕೆಲವೇ ಬಿಂದುಗಳಲ್ಲಿ ಮುಟ್ಟುವುದು. ವಿದ್ಯುತ್ತೆಲ್ಲವೂ ಆ ಕಿರುದಾರಿಗಳಲ್ಲಿಯೇ ನುಸುಳಬೇಕು. ಸ್ವೀಡನ್ನಿನ ರಾಗ್ನಾರ್ ಹೋಲ್ಮ್ ಎಂಬ ವಿಜ್ಞಾನಿಯು ಇದನ್ನು ಕುರಿತು ದೀರ್ಘಕಾಲ ಸಂಶೋಧನೆ ನಡಸಿದನು. ಒತ್ತಡವನ್ನು ಹೆಚ್ಚಿಸಿದರೆ ಉಬ್ಬುಗಳು ಚಪ್ಪಟೆಯಾಗಿ ದಾರಿಯು ಅಗಲವಾಗುವುದು. ಆದುದರಿಂದಲೇ ಒಂದು ಕಡೆಯ ಮುಖವನ್ನು ಚಪ್ಪಟೆಯಾಗಿಯೂ ಇನ್ನೊಂದು ಕಡೆಯದನ್ನು ಗುಬುಟಿನಂತೆಯೂ ಮಾಡುವರು. ಒತ್ತಡವೆಲ್ಲ ಒಂದೆಡೆ ಕೂಡುವುದು.

ಇನ್ನು ಲೋಹದ ವಿಚಾರ. ತಾಮ್ರವು ಅಗ್ಗ, ವಿದ್ಯುತ್ತಿಗೆ ಒಳ್ಳೆಯ ದಾರಿ. ಆದರೆ ಅದು ಕಿಲುಬು ಹಿಡಿಯುವುದನ್ನು ಪಾತ್ರೆ ಬೆಳಗುವ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಆ ಕಿಲುಬು ವಿದ್ಯುತ್ತಿಗೆ ತಡೆ. ಪಾತ್ರೆಗೆ ಕಲಾಯಿ ಹಾಕಿಸುವಂತೆ ಇದಕ್ಕೂ ತವರವನ್ನು ಹಚ್ಚಬಾರದೇ ಎಂದು ಕೆಲವರು ಕೇಳಬಹುದು. ಅಲುಗಾಡದ ಸ್ಥಳಗಳಲ್ಲಿ ಹಾಗೆ ಮಾಡುವುದುಂಟು. ಪ್ರಿಂಟರಿನ ತೊಟ್ಟಿಲಾದರೋ ಸಾಲುಸಾಲಿಗೂ ಅತ್ತಿತ್ತ ಓಡಿ ಅದುರುತ್ತಿರುವುದು. ಆ ಸಣ್ಣ ಉಜ್ಜಾಟದಿಂದ ತವರವು ಕ್ಷಣಕ್ಷಣಕ್ಕೂ ತುಕ್ಕಿನ ಪುಡಿಯಾಗಿ, ಆ ಪುಡಿಯೇ ನಡುವೆ ಕೂರುವುದು. ಒಂದು ಕಡೆಗೆ ಚಿನ್ನ, ಇನ್ನೊಂದು ಕಡೆಗೆ ತವರ ಎಂಬ ಅರೆಮನಸ್ಸಿನ ಉಳಿತಾಯವೂ ಫಲಿಸದು. ತವರದ ಪುಡಿಯು ಚಿನ್ನಕ್ಕೂ ಅಂಟಿಕೊಳ್ಳುವುದು. ಆದಕಾರಣ ಎರಡು ಕಡೆಗೂ ಚಿನ್ನದ ಲೇಪವೇ ಉತ್ತಮ. ಅದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ದಪ್ಪವಷ್ಟೆ. ಗಿಲೀಟಿನ ಒಡವೆಯೆಂದರೂ ಸಲ್ಲುವುದು. ಚಿನ್ನದ ಅಡಿಯಲ್ಲಿ ನಿಕ್ಕಲಿನ ಒಂದು ಪದರವಿರತಕ್ಕದ್ದು. ಇಲ್ಲದಿದ್ದರೆ ತಾಮ್ರವು ಮೆಲ್ಲನೆ ಚಿನ್ನದೊಳಗಿಂದ ಮೇಲಕ್ಕೆ ಒಸರಿ ಬಂದು ಕಿಲುಬಾಗುವುದು.

ಒತ್ತುವ ಬಲಕ್ಕೂ ಮಿತಿಯುಂಟು. ಒಂದೊಂದು ಸಂಪರ್ಕಕ್ಕೆ 60 ಗ್ರಾಮಿನ ಒತ್ತಡವೆಂದಿಟ್ಟುಕೊಂಡರೆ 50 ಸಂಪರ್ಕಗಳಿಗೆ 3 ಕಿಲೋಗ್ರಾಮಾಯಿತು. ಪ್ಲಾಸ್ಟಿಕ್ಕಿನ ತೆಳುಗೋಡೆಯು ಇದಕ್ಕೆ ಬಾಗಿದರೆ ನಡುವಿನವು ಬಿಟ್ಟುಕೊಳ್ಳುವುವು. ಹ್ಯೂಲೆಟ್ ಪ್ಯಾಕರ್ಡಿನವರು 1980ರ ದಶಕದಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿದರು: ಬಾಗುವ ಹಾಳೆಯ ಮೇಲೆ ತಾಮ್ರದ ಗೆರೆಗಳನ್ನೂ ಗುಬುಟುಗಳನ್ನೂ ಮೂಡಿಸಿ, ಪ್ರತಿಯೊಂದು ಗುಬುಟಿನ ಹಿಂದೆಯೂ ರಬ್ಬರಿನ ಒಂದು ಪುಟ್ಟ ಶಂಕುವನ್ನಿಟ್ಟರು. ಒಂದೆಡೆ ತಗ್ಗು, ಒಂದೆಡೆ ಉಬ್ಬು ಇದ್ದರೂ ಪ್ರತಿಯೊಂದು ಶಂಕುವೂ ತನ್ನಷ್ಟಕ್ಕೆ ಕುಗ್ಗಿ ಸಮಮಾಡಿಕೊಳ್ಳುವುದು. ಎಸೆಯತಕ್ಕ ಕಾರ್ಟ್ರಿಜ್ಜಿನ ಮೇಲೆ ಬರಿಯ ಚಪ್ಪಟೆ ಚುಕ್ಕೆಗಳು; ಬೆಲೆಯುಳ್ಳ ಗುಬುಟು ರಬ್ಬರುಗಳೆಲ್ಲ ಯಂತ್ರದಲ್ಲಿಯೇ ಉಳಿಯುವುವು. ಗೃಹಕೃತ್ಯಕ್ಕೆ ಒಪ್ಪುವ ಈ ವಿಂಗಡಣೆಯು ನಮಗೆ ಬಹಳ ಮೆಚ್ಚಿಕೆಯಾಯಿತು. ಅಲ್ಲದೆ, ಒಳ್ಳೆಯ ತೊಟ್ಟಿಲಿನಲ್ಲಿ ಕಾರ್ಟ್ರಿಜ್ಜು ಮೊದಲು ತನ್ನ ಸ್ಥಾನದಲ್ಲಿ ಕೂತು, ಕಡೆಯಲ್ಲಿ ಕೂದಲೆಳೆಯಷ್ಟು ಜಾರುತ್ತ ಒತ್ತಲ್ಪಡುವುದು. ಆ ಜಾರಾಟವೇ ಧೂಳನ್ನೂ ಜಿಡ್ಡನ್ನೂ ಒರಸಿಬಿಡುವುದು.

ಇಷ್ಟಾದರೂ ಹತ್ತಿರದಲ್ಲಿಯೇ ಒಬ್ಬ ಶತ್ರು ಇದ್ದಾನೆ: ಶಾಯಿ. ನೀರಿನಲ್ಲಿ ಬಣ್ಣ ಕರಗಿಸಿದ ಶಾಯಿಯು ವಿದ್ಯುತ್ತನ್ನು ಹರಿಯಗೊಡುವುದು. ಒಂದು ತೊಟ್ಟು ಎರಡು ಚುಕ್ಕೆಗಳ ನಡುವೆ ಹರಡಿದರೆ ಅಲ್ಲದ ದಾರಿಯಲ್ಲಿ ಪ್ರವಾಹವು ಹರಿದು, ಲೋಹವು ಸವೆಯತೊಡಗುವುದು. ಅದಕ್ಕಾಗಿಯೇ ಚುಕ್ಕೆಗಳನ್ನು ರಂಧ್ರಗಳ ಮಗ್ಗುಲಿಗೆ ಇಡದೆ ನೆಟ್ಟಗಿನ ಬೆನ್ನಿನ ಮೇಲೆ ಇಡುವರು. ಕೆಲವು ಕಾರ್ಟ್ರಿಜ್ಜುಗಳಲ್ಲಿ ಹೆಚ್ಚು ವೋಲ್ಟೇಜಿನ ಚುಕ್ಕೆಯ ಪಕ್ಕದಲ್ಲಿಯೇ ಒಂದು ಕಾವಲಿನ ಚುಕ್ಕೆಯುಂಟು. ತೇವವು ಅದನ್ನು ಮುಟ್ಟಿದೊಡನೆ ಯಂತ್ರವು ಕೆಲಸ ನಿಲ್ಲಿಸುವುದು.

ಈಗ ಮನೆಯಲ್ಲಿ ಮಾಡತಕ್ಕುದನ್ನು ಹೇಳುವೆವು. ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಕೂಡದು. ಬೆವರಿನಲ್ಲಿ ಉಪ್ಪೂ ಜಿಡ್ಡೂ ಇರುವುವು. ಅಕ್ಷರಗಳಲ್ಲಿ ಬಿಳಿಯ ಗೆರೆ ಕಂಡರೆ, ಎಸೆಯುವ ಮುನ್ನ, ಪ್ರಿಂಟರಿನ ವಿದ್ಯುತ್ತನ್ನು ನಿಲ್ಲಿಸಿ ಕಾರ್ಟ್ರಿಜ್ಜನ್ನು ಹೊರತೆಗೆಯಿರಿ. ನೂಲೆಳೆ ಉದುರದ ಬಟ್ಟೆಯನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಚುಕ್ಕೆಗಳನ್ನೂ ತೊಟ್ಟಿಲಿನ ಗುಬುಟುಗಳನ್ನೂ ಮೃದುವಾಗಿ ಒರಸಿ, ಪೂರ್ತಿ ಒಣಗಿದ ಮೇಲೆ ಮರಳಿ ಕೂರಿಸಿರಿ. ರಂಧ್ರಗಳ ಕಡೆಗೆ ಆ ಬಟ್ಟೆಯನ್ನು ಒಯ್ಯಬೇಡಿರಿ. ಪೆನ್ಸಿಲಿನ ರಬ್ಬರಿನಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ ಫಳಫಳಿಸುವಂತೆ ಮಾಡುವವರನ್ನು ಕಂಡಿದ್ದೇವೆ. ಆ ದಿನ ಅಕ್ಷರವು ಸೊಗಸಾಗಿಯೇ ಬರುವುದು. ಹೋದದ್ದು ಮಾತ್ರ ಕೊಳೆಯೊಡನೆ ಚಿನ್ನವೂ.