ಪಿಂಗ್ ಹುಟ್ಟಿದ್ದು ಒಂದೇ ಸಂಜೆಯಲ್ಲಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನ ಐದನೇ ಸೆಮಿಸ್ಟರಿಗೆ ನೆಟ್‌ವರ್ಕ್ ಲ್ಯಾಬ್ ಇತ್ತು. ಅದರ ಒಂದು ಪ್ರೋಗ್ರಾಂ ಹೀಗೆ: ಆರು ನೋಡ್‌ಗಳ ಜಾಲ ಕಟ್ಟಿ, ಪಿಂಗ್ ಸಂದೇಶ ಓಡಿಸಿ, ದಟ್ಟಣೆಯಲ್ಲಿ ಎಷ್ಟು ಪ್ಯಾಕೆಟ್ ಬಿದ್ದುಹೋದವು ಎಂದು ಎಣಿಸಬೇಕಿತ್ತು. ಇದೆಲ್ಲ ನಡೆಯುತ್ತಿದ್ದುದು ಎನ್‌ಎಸ್-2 ಎಂಬ ಸಿಮ್ಯುಲೇಟರಿನೊಳಗೆ. ಕೇಬಲ್ ಮುಟ್ಟುವ ಪ್ರಮೇಯವೇ ಇರಲಿಲ್ಲ. ರೆಕಾರ್ಡ್ ಬರೆದು ವೈವಾ ಮುಗಿಸಿದರಾಯಿತು.

ಪಿಂಗ್ ಹುಟ್ಟಿದ್ದು ಮಾತ್ರ ನಿಜವಾಗಿ ಕೆಟ್ಟಿದ್ದ ಒಂದು ಜಾಲದ ತಲೆನೋವಿನಿಂದ.

1983ರ ಡಿಸೆಂಬರ್. ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಅವರಿಗೆ ತಮ್ಮ ನೆಟ್‌ವರ್ಕಿನ ವರ್ತನೆ ವಿಚಿತ್ರವೆನಿಸಿತು. ಆ ವರ್ಷದ ಜುಲೈನಲ್ಲಿ ನಾರ್ವೆಯ ಸಭೆಯೊಂದರಲ್ಲಿ ಜಾಲ ಸಂಶೋಧಕ ಡೇವ್ ಮಿಲ್ಸ್ ಆಡಿದ್ದ ಮಾತು ಅವರ ತಲೆಯಲ್ಲಿತ್ತು: ‘ಎಕೋ’ ಸಂದೇಶ ಕಳಿಸಿ, ಅದು ಮರಳಲು ಹಿಡಿಯುವ ಹೊತ್ತನ್ನು ಅಳೆಯಬಹುದು. ಎಕೋದ ನಿಯಮಗಳು 1981ರಲ್ಲೇ ಪ್ರಕಟವಾಗಿದ್ದವು. ಮೂಸ್ ಒಂದೇ ಸಂಜೆ ಕೂತು ಸುಮಾರು ಸಾವಿರ ಸಾಲಿನ ಪ್ರೋಗ್ರಾಂ ಬರೆದರು. ತಮಾಷೆಯೆಂದರೆ, ಮೊದಲ ಪಿಂಗ್ ಹೊರಡುವ ಮೊದಲೇ ಕೆಟ್ಟಿದ್ದ ಜಾಲ ರಿಪೇರಿಯಾಗಿಬಿಟ್ಟಿತ್ತು! ಮೂಸ್ 2000ದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಪಿಂಗ್ ಇಂದು ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದೆ.

ಆದರೆ ಪಿಂಗ್ ಹೇಳುವುದು ಉತ್ತರ ಬಂತೋ ಇಲ್ಲವೋ, ಬಂದರೆ ಎಷ್ಟು ಹೊತ್ತು ಹಿಡಿಯಿತು ಎಂದಷ್ಟೇ. ದಾರಿಯಲ್ಲಿ ಎಲ್ಲಿ ತಪ್ಪಿತು ಎನ್ನಲು 1987ರಲ್ಲಿ ವ್ಯಾನ್ ಜೇಕಬ್‌ಸನ್ ಟ್ರೇಸ್‌ರೂಟ್ ಬರೆದರು. ಪ್ರತಿ ಪ್ಯಾಕೆಟ್ಟಿಗೂ ಒಂದು ಆಯಸ್ಸಿನ ಸಂಖ್ಯೆ ಇರುತ್ತದೆ. ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಕಿ ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಆಯಸ್ಸನ್ನು 1, 2, 3 ಎಂದು ಏರಿಸುತ್ತ ಹೋದರೆ ರೂಟರ್‌ಗಳು ಸರದಿಯಂತೆ ತಮ್ಮ ವಿಳಾಸ ಒಪ್ಪಿಸುತ್ತವೆ. ಹಂಪಿಯ ತುರ್ತಾ ಕಾಲುವೆಯ ನೀರು ಕೊನೆಯ ಗದ್ದೆಗೆ ಮುಟ್ಟದಿದ್ದರೆ ನೀರುಗಂಟಿ ತೂಬಿನಿಂದ ತೂಬಿಗೆ ನಡೆದು ನೋಡುವ ಹಾಗೆ.

ಇಂಥ ಲ್ಯಾಬ್ ಮುಗಿಸಿ ಕಂಪ್ಲಿ, ಸಂಡೂರು ಕಡೆ ಇಂಟರ್ನೆಟ್ ರಿಪೇರಿಗೆ ಹೋಗುವ ಹೊಸಬನಿಗೆ ಬರುವ ದೂರು ಮಾತ್ರ ಒಂದೇ ಸಾಲಿನದು: ‘ನೆಟ್ ಬರ್ತಿಲ್ರೀ’. ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಕಂಪ್ಯೂಟರ್ ತೆರೆಯುವುದೇ ದಂಡ. ತೊಂದರೆ ಇರುವುದು ಫೈಬರ್ ಲೈನಿನಲ್ಲಿ. ದೀಪ ಸರಿಯಿದ್ದರೆ ಐಪಿ ವಿಳಾಸ ನೋಡಬೇಕು. ಅದು 169.254 ಎಂದು ಶುರುವಾದರೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಆಮೇಲೆ ಮನೆಯ ರೂಟರಿಗೆ ಪಿಂಗ್, ನಂತರ ಗೂಗಲ್‌ನ 8.8.8.8 ವಿಳಾಸಕ್ಕೆ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಕಡೆ ತಿರುಗಬೇಕು. ಸಿಮ್ಯುಲೇಟರಿನ ಆರು ನೋಡ್‌ಗಳು ಈ ಸರದಿಯನ್ನು ಕಲಿಸುವುದಿಲ್ಲ. ಅದು ಕೈಗೆ ಹತ್ತುವುದು ಮನೆಮನೆ ಸುತ್ತಿದಾಗಲೇ.

ಪಿಂಗ್‌ಗೆ ಸಿಕ್ಕದ ದೋಷಗಳೂ ಉಂಟು. ಲ್ಯಾನ್ ಕೇಬಲಿನಲ್ಲಿರುವುದು ಎಂಟು ತಂತಿ. ಕ್ರಿಂಪ್ ಮಾಡುವಾಗ ಕಂದು ಜೋಡಿ ಸರಿಯಾಗಿ ಕೂರದಿದ್ದರೂ ಉಳಿದವುಗಳ ಮೇಲೆಯೇ 100 ಎಂಬಿಪಿಎಸ್ ಓಡುತ್ತದೆ. ಗಿಗಾಬಿಟ್‌ಗೆ ಮಾತ್ರ ಎಂಟೂ ಬೇಕು. ಪಿಂಗ್ ಉತ್ತರ ಚೊಕ್ಕಟವಾಗಿ ಬರುತ್ತಿರುತ್ತದೆ, ಗ್ರಾಹಕ ‘ಸ್ಲೋ’ ಎಂದು ಗೊಣಗುತ್ತಿರುತ್ತಾನೆ. ಇದಕ್ಕೆ ತದ್ವಿರುದ್ಧವೂ ನಡೆಯುತ್ತದೆ: ಎಷ್ಟೋ ಸರ್ವರುಗಳ ಫೈರ್‌ವಾಲ್ ಎಕೋ ಸಂದೇಶಗಳನ್ನು ತಡೆದುಬಿಡುತ್ತದೆ. ತೆರೆಯ ಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಸಾಲುಗಟ್ಟುತ್ತಿದ್ದರೂ ಬ್ರೌಸರಿನಲ್ಲಿ ಅದೇ ತಾಣ ಸರಾಗವಾಗಿ ತೆರೆದುಕೊಳ್ಳುತ್ತದೆ.