ತಲೆ ನೆಟ್ಟಗೆ ಮಾಡು ಅನ್ನುವ ಮುಂಚೆ

ನಮ್ಮ ಬ್ರಾಂಚಿನ ಫ್ರೆಶರ್ಸ್ ಡೇ ಗ್ರೂಪ್ ಫೋಟೋ ನೋಡಿ. ಎರಡನೇ ಸಾಲಿನಲ್ಲಿ ಒಬ್ಬ ಮಾತ್ರ ತಲೆಯನ್ನು ಎಡಭುಜದ ಕಡೆ ವಾಲಿಸಿಕೊಂಡು ನಿಂತಿದ್ದಾನೆ. ಬೈಂದೂರು ಕಡೆಯ ಗೆಳೆಯ. ಫೋಟೋಗ್ರಾಫರ್ ಮೂರು ಸಲ "ತಲೆ ನೇರ ಮಾಡಿ" ಅಂದರು. ನಾವೂ "ಎಂತ ಮಾರಾಯ, ಸ್ಟೈಲಾ?" ಅಂತ ಕಾಡಿಸಿದ್ದೆವು.

ಅವನಿಗೆ ಈ ಮಾತು ಹೊಸದಲ್ಲ. ಸಣ್ಣವನಿದ್ದಾಗ ಕುತ್ತಿಗೆ ಸರಿ ಇಲ್ಲ ಅಂತ ಎಣ್ಣೆ ತಿಕ್ಕಿದ್ದಾರೆ, ಒಂದು ಕಡೆ ಎರಡು ವರ್ಷ ಕುತ್ತಿಗೆಯ ವ್ಯಾಯಾಮ ಮಾಡಿಸಿದ್ದಾರೆ. ಕಳೆದ ಸೆಮಿಸ್ಟರಿನಲ್ಲಿ ರಾತ್ರಿ ಓದುವಾಗ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಕಾಣಲು ಶುರುವಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು, ಕುತ್ತಿಗೆಗೆ ಏನೂ ಆಗಿಲ್ಲ, ಬಲಗಣ್ಣು ಎಡಗಣ್ಣಿಗಿಂತ ಸ್ವಲ್ಪ ಮೇಲಿದೆ. ರಜೆಯಲ್ಲಿ ಆಪರೇಷನ್ ಆಯಿತು. "ಹೆಸರು ಹಾಕಬೇಡಿ, ವಿಷಯ ಬರೀರಿ" ಅಂದ. ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಬಂದ ನಮ್ಮ ಗುಂಪು ಓದಿ, ಕೇಳಿ ತಿಳಿದದ್ದು ಇಲ್ಲಿದೆ.

ಕಣ್ಣಿನೊಳಗೊಂದು ರಾಟೆ

ಮೆಳ್ಳೆಗಣ್ಣು ಅಂದ ಕೂಡಲೇ ನಮಗೆ ನೆನಪಾಗುವುದು ಮೂಗಿನ ಕಡೆಗೋ ಕಿವಿಯ ಕಡೆಗೋ ತಿರುಗಿದ ಕಣ್ಣು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಇರುವ ಮೆಳ್ಳೆಯೂ ಇದೆ. ವ್ಯತ್ಯಾಸ ಕೆಲವು ಡಿಗ್ರಿ ಮಾತ್ರ ಇರುವುದರಿಂದ ಎದುರಿಗೆ ನಿಂತವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಪ್ರತಿ ಕಣ್ಣುಗುಡ್ಡೆಯನ್ನು 6 ಸ್ನಾಯುಗಳು ಎಳೆಯುತ್ತವೆ. ನಾಲ್ಕು ನೇರ, ಎರಡು ಓರೆ. ಓರೆಯವುಗಳಲ್ಲಿ ಮೇಲಿನದರ ಹೆಸರು ಸುಪೀರಿಯರ್ ಆಬ್ಲಿಕ್. ಇದರ ದಾರಿ ವಿಚಿತ್ರ. ಕಣ್ಣಿನ ಗೂಡಿನ ಹಿಂಭಾಗದಿಂದ ಹೊರಟು, ಮೂಗಿನ ಪಕ್ಕ ಮೇಲಿನ ಮೂಲೆಯಲ್ಲಿರುವ ಒಂದು ಮೃದ್ವಸ್ಥಿಯ ಬಳೆಯೊಳಗೆ ತೂರಿ, ಅಲ್ಲಿಂದ ಹಿಂದಕ್ಕೆ ತಿರುಗಿ ಕಣ್ಣುಗುಡ್ಡೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆ ಬಳೆಯ ಹೆಸರು ಟ್ರಾಕ್ಲಿಯ. ಅರ್ಥವೇ ರಾಟೆ. ನಮ್ಮ ಮನೆ ಬಾವಿಯ ರಾಟೆ ಹಗ್ಗದ ದಿಕ್ಕು ಬದಲಿಸುವ ಹಾಗೆಯೇ ಇದು ಎಳೆತದ ದಿಕ್ಕು ಬದಲಿಸುತ್ತದೆ. ಹಾಗಾಗಿ ಸ್ನಾಯು ಅಂಟಿರುವುದು ಕಣ್ಣಿನ ಮೇಲ್ಭಾಗಕ್ಕಾದರೂ ಎಳೆದಾಗ ಕಣ್ಣು ಕೆಳಗೆ ಇಳಿಯುತ್ತದೆ. ಜೊತೆಗೆ ಕಣ್ಣಿನ ಮೇಲಂಚು ಮೂಗಿನ ಕಡೆ ಸ್ವಲ್ಪ ಉರುಳುತ್ತದೆ.

ಈ ಸ್ನಾಯು ದುರ್ಬಲವಾದರೆ ಕಣ್ಣು ಮೇಲೇರುತ್ತದೆ. ಪುಸ್ತಕ ಓದುವಾಗ, ಮೆಟ್ಟಿಲು ಇಳಿಯುವಾಗ, ಅಂದರೆ ಕೆಳಗೆ ನೋಡುವಾಗ ತೊಂದರೆ ಜಾಸ್ತಿ.

ತಲೆ ಯಾಕೆ ವಾಲುತ್ತದೆ?

ನಾವು ತಲೆಯನ್ನು ಬಲಕ್ಕೆ ವಾಲಿಸಿದರೆ ಬಲಗಣ್ಣು ಮೂಗಿನ ಕಡೆ ಸ್ವಲ್ಪ ಉರುಳಿ ಚಿತ್ರವನ್ನು ನೆಟ್ಟಗೆ ಇಟ್ಟುಕೊಳ್ಳುತ್ತದೆ. ಈ ಕೆಲಸಕ್ಕೆ ಎರಡು ಸ್ನಾಯು ಬೇಕು. ಒಂದು ಕಣ್ಣನ್ನು ಮೇಲೆತ್ತುವಂಥದ್ದು, ಇನ್ನೊಂದು ನಮ್ಮ ರಾಟೆಯ ಸ್ನಾಯು, ಅದು ಕೆಳಗೆ ಎಳೆಯುವಂಥದ್ದು. ಎರಡೂ ಸಮ ಇದ್ದರೆ ಲೆಕ್ಕ ಸರಿಹೋಗುತ್ತದೆ. ರಾಟೆಯ ಸ್ನಾಯು ಸೋತರೆ ಮೇಲೆತ್ತುವುದು ಒಂದೇ ಉಳಿದು ಕಣ್ಣು ಇನ್ನೂ ಮೇಲೆ ಹೋಗುತ್ತದೆ. ಅದಕ್ಕೇ ಬಲಗಣ್ಣಿನಲ್ಲಿ ತೊಂದರೆ ಇರುವವರು ತಲೆಯನ್ನು ಎಡಕ್ಕೆ ವಾಲಿಸಿ ಆ ಸ್ನಾಯುವಿಗೆ ಕೆಲಸ ಕೊಡುವುದನ್ನೇ ತಪ್ಪಿಸುತ್ತಾರೆ. ಮೆದುಳು ತಾನೇ ಕಂಡುಕೊಂಡ ಪರಿಹಾರ ಅದು. "ತಲೆ ನೆಟ್ಟಗೆ ಮಾಡು" ಅಂದರೆ ಅವರಿಗೆ ಎರಡೆರಡು ಕಾಣು ಅಂದ ಹಾಗೆ.

ಡಾಕ್ಟರು ಪರೀಕ್ಷೆ ಮಾಡುವುದೂ ಇದೇ ತತ್ವದ ಮೇಲೆ. ಯಾವ ಕಣ್ಣು ಮೇಲಿದೆ, ಎಡಕ್ಕೆ ನೋಡಿದಾಗ ಹೆಚ್ಚೋ ಬಲಕ್ಕೋ, ಯಾವ ಭುಜಕ್ಕೆ ತಲೆ ವಾಲಿಸಿದಾಗ ಹೆಚ್ಚು? ಈ ಮೂರು ಪ್ರಶ್ನೆಗಳಿಂದ, ಒಂದೇ ಸ್ನಾಯು ಸೋತಿದ್ದರೆ, ಸಂಶಯ ಪಡಬೇಕಾದ ಸ್ನಾಯು ಯಾವುದೆಂದು ಸಿಗುತ್ತದೆ. ಅಮೆರಿಕದ ಮಾರ್ಷಲ್ ಪಾರ್ಕ್ಸ್ 1958ರಲ್ಲಿ ಇದನ್ನು ಕ್ರಮವಾಗಿ ಬರೆದರು. ಇನ್ನೊಂದು ಸಾಕ್ಷಿ ಮನೆಯ ಆಲ್ಬಮ್. ಅಂಗನವಾಡಿಯ ಫೋಟೋದಲ್ಲೂ ತಲೆ ಅದೇ ಕಡೆ ವಾಲಿದ್ದರೆ ಸಮಸ್ಯೆ ಹಳೆಯದು, ಬಹುಶಃ ಹುಟ್ಟಿನಿಂದ ಬಂದದ್ದು. ನಮ್ಮ ಗೆಳೆಯನ ಯುಕೆಜಿ ಫೋಟೋದಲ್ಲಿ ಇದ್ದದ್ದೂ ಅದೇ.

ಕಾರಣ ಒಂದೇ ಅಲ್ಲ

ರಾಟೆಯ ಸ್ನಾಯುವಿಗೆ ಆಜ್ಞೆ ಕೊಡುವುದು ನಾಲ್ಕನೇ ಕಪಾಲ ನರ. ತೀರಾ ತೆಳ್ಳಗಿನ ನರ, ಮಿದುಳುಕಾಂಡದ ಹಿಂಬದಿಯಿಂದ ಹೊರಟು ತಲೆಬುರುಡೆಯೊಳಗೆ ಉದ್ದ ದಾರಿ ಸುತ್ತಿ ಬರುತ್ತದೆ. ತಲೆಗೆ ಪೆಟ್ಟು ಬಿದ್ದಾಗ ಸುಲಭವಾಗಿ ಏಟು ತಿನ್ನುತ್ತದೆ. ಹೈವೇ 66ರಲ್ಲಿ ಹೆಲ್ಮೆಟ್ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋಗುವವರು ಇದನ್ನು ಎರಡು ಸಲ ಓದಿ. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಲ್ಲಿ ನರಕ್ಕೆ ರಕ್ತ ಕಡಿಮೆಯಾಗಿಯೂ ಹೀಗಾಗುತ್ತದೆ. ಅದು ಹೆಚ್ಚಾಗಿ ಕೆಲವು ತಿಂಗಳಲ್ಲಿ ತಾನೇ ಸರಿಯಾಗುತ್ತದೆ.

ಹುಟ್ಟಿನಿಂದಲೇ ಸ್ನಾಯುವಿನ ತುದಿ ಸಡಿಲ ಇರುವವರು ವರ್ಷಗಟ್ಟಲೆ ತಲೆ ವಾಲಿಸಿಯೇ ನಿಭಾಯಿಸುತ್ತಾರೆ. ನಿದ್ದೆಗೆಟ್ಟಾಗ, ಸುಸ್ತಾದಾಗ, ವಯಸ್ಸಾದಾಗ ಆ ಶಕ್ತಿ ಸೋತು ಎರಡೆರಡು ಕಾಣಲು ಶುರುವಾಗುತ್ತದೆ.

ಇನ್ನು ಕೆಲವದರಲ್ಲಿ ಸ್ನಾಯು ಸೋತಿರುವುದಿಲ್ಲ, ಬಿಗಿದಿರುತ್ತದೆ ಅಥವಾ ಸಿಕ್ಕಿಕೊಂಡಿರುತ್ತದೆ. ಥೈರಾಯ್ಡ್ ಕಾಯಿಲೆಯಲ್ಲಿ ಕೆಳಗಿನ ನೇರ ಸ್ನಾಯು ಊದಿ ಗಟ್ಟಿಯಾಗಿ ಕಣ್ಣನ್ನು ಕೆಳಗೆ ಹಿಡಿದಿಡುತ್ತದೆ. ಕ್ರಿಕೆಟ್ ಬಾಲು ಕಣ್ಣಿಗೆ ಬಡಿದರೆ ಗೂಡಿನ ತೆಳ್ಳಗಿನ ತಳ ಒಡೆದು ಅದೇ ಸ್ನಾಯು ಬಿರುಕಿನಲ್ಲಿ ಸಿಕ್ಕಬಹುದು. ಬ್ರೌನ್ ಸಿಂಡ್ರೋಮಿನಲ್ಲಿ ರಾಟೆಯೊಳಗೆ ಹಗ್ಗವೇ ಜಾರದೆ ನಿಂತ ಹಾಗೆ ಆಗುತ್ತದೆ. ಬೆಳಿಗ್ಗೆ ಸರಿ ಇದ್ದು ಸಂಜೆಗೆ ರೆಪ್ಪೆ ಇಳಿದು ಎರಡು ಕಾಣುವುದು ಮಯಸ್ತೀನಿಯ ಇರಬಹುದು, ಅದಕ್ಕೆ ಮೊದಲು ಬೇಕಾದದ್ದು ಔಷಧಿ.

ಒಂದು ಎಚ್ಚರಿಕೆ. ದೊಡ್ಡವರಿಗೆ ಇದ್ದಕ್ಕಿದ್ದಂತೆ ಎರಡೆರಡು ಕಂಡು, ಜೊತೆಗೆ ತಲೆನೋವು, ತಲೆಸುತ್ತು, ಮಾತು ತೊದಲುವುದು ಅಥವಾ ನಡೆಯಲು ತಡವರಿಸುವುದು ಇದ್ದರೆ ಅದು ಪಾರ್ಶ್ವವಾಯುವೂ ಇರಬಹುದು. ನಾಳೆ ನೋಡುವ ಅನ್ನಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕನ್ನಡಕ ಸಾಕಾ, ಆಪರೇಷನ್ ಬೇಕಾ?

ಕಣ್ಣಿನ ಓರೆಯನ್ನು ಅಳೆಯುವುದು ಪ್ರಿಸಂ ಡಯಾಪ್ಟರಿನಲ್ಲಿ. 1 ಡಯಾಪ್ಟರ್ ಅಂದರೆ 1 ಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಸರಿತ. 10 ಡಯಾಪ್ಟರ್ ಇದ್ದರೆ 10 ಮೀಟರ್ ದೂರದ ಬೈಕಿನ ಎರಡನೇ ಹೆಡ್‌ಲೈಟ್ 1 ಮೀಟರ್ ಮೇಲೆ ಕಾಣುತ್ತದೆ. ಆದರೆ ಅದು ಸುಮಾರು 5.7 ಡಿಗ್ರಿ ಅಷ್ಟೇ. ಸಾಮಾನ್ಯ ಕಣ್ಣುಗಳು ಮೇಲೆ-ಕೆಳಗಿನ ವ್ಯತ್ಯಾಸವನ್ನು 2-3 ಡಯಾಪ್ಟರಿನಷ್ಟು ಮಾತ್ರ ಸಹಿಸಿ ಒಂದೇ ಚಿತ್ರ ಮಾಡಿಕೊಳ್ಳಬಲ್ಲವು.

ಓರೆ ಕಡಿಮೆ ಇದ್ದರೆ ಕನ್ನಡಕದಲ್ಲೇ ಪ್ರಿಸಂ ಹಾಕಿ ಚಿತ್ರವನ್ನು ಸರಿಸಬಹುದು. ಪೆಟ್ಟಿನಿಂದ ಬಂದದ್ದಾದರೆ ಸಾಮಾನ್ಯವಾಗಿ ಸುಮಾರು 6 ತಿಂಗಳು ಕಾಯುತ್ತಾರೆ, ಯಾಕೆಂದರೆ ನರ ಚೇತರಿಸಿಕೊಳ್ಳಬಹುದು. ಓರೆ ಜಾಸ್ತಿ ಇದ್ದು ಅಳತೆ ಒಂದೇ ಕಡೆ ನಿಂತಮೇಲೆ ಆಪರೇಷನ್.

ಇಲ್ಲಿ ನಮ್ಮ ಇಂಜಿನಿಯರಿಂಗ್ ತಲೆ ಸೋತಿತು. ಕಣ್ಣಿನ ತ್ರಿಜ್ಯ ಸುಮಾರು 12 ಮಿಲಿಮೀಟರ್. ಸ್ನಾಯುವನ್ನು 1 ಮಿಲಿಮೀಟರ್ ಹಿಂದೆ ಹೊಲಿದರೆ ಕೋನ 1/12 ರೇಡಿಯನ್, ಅಂದರೆ 8 ಡಯಾಪ್ಟರಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು ಅಂತ ನಾವು ಲೆಕ್ಕ ಹಾಕಿದೆವು. ಡಾಕ್ಟರುಗಳ ಅಂದಾಜು ಮೇಲೆ-ಕೆಳಗಿನ ನೇರ ಸ್ನಾಯುಗಳಿಗೆ 1 ಮಿಲಿಮೀಟರಿಗೆ ಸುಮಾರು 3 ಡಯಾಪ್ಟರ್ ಮಾತ್ರ. ಕಾರಣ, ಕಣ್ಣು ಹಗ್ಗ ಸುತ್ತಿದ ಬರೀ ಚೆಂಡಲ್ಲ. ಎರಡೂ ಕಡೆ ಸ್ಪ್ರಿಂಗ್ ಎಳೆಯುತ್ತಿವೆ. ಒಂದನ್ನು ಸಡಿಲಿಸಿದರೆ ಹೊಸ ಸಮತೋಲನ ಬರುವ ಜಾಗಕ್ಕಷ್ಟೇ ಕಣ್ಣು ತಿರುಗುತ್ತದೆ. ಅದಕ್ಕೇ ಡಾಕ್ಟರು ಅನುಭವದ ಕೋಷ್ಟಕಗಳನ್ನು ನಂಬುತ್ತಾರೆ.

ಆಪರೇಷನ್ ಅಂದರೆ ಕಣ್ಣು ಹೊರಗೆ ತೆಗೆಯುವುದು ಅಂತ ಊರಲ್ಲಿ ಹಲವರು ತಿಳಿದಿದ್ದಾರೆ. ಅಲ್ಲವೇ ಅಲ್ಲ. ಕಣ್ಣುಗುಡ್ಡೆ ಇದ್ದಲ್ಲೇ ಇರುತ್ತದೆ. ಬಿಳಿಭಾಗದ ಮೇಲಿನ ತೆಳು ಪದರವನ್ನು ಸ್ವಲ್ಪ ಕತ್ತರಿಸಿ, ಸ್ನಾಯುವನ್ನು ಬಿಡಿಸಿ, ಬೇಕಾದ ಜಾಗಕ್ಕೆ ಕರಗುವ ದಾರದಿಂದ ಹೊಲಿಯುತ್ತಾರೆ. ಲೇಸರ್ ಕೆಲಸ ಅಲ್ಲ ಇದು. ರಾಟೆಯ ಸ್ನಾಯು ಸೋತವರಲ್ಲಿ ಅದರ ಎದುರಾಳಿಯಾದ ಕೆಳಗಿನ ಓರೆ ಸ್ನಾಯು ಹೆಚ್ಚು ಎಳೆಯುತ್ತಿರುತ್ತದೆ. ಅದನ್ನು ಸಡಿಲಿಸುವುದು ಸಾಮಾನ್ಯ ದಾರಿ. ನಮ್ಮ ಗೆಳೆಯನಿಗೆ ಮಾಡಿದ್ದೂ ಅದನ್ನೇ. ಸ್ನಾಯುವಿನ ತುದಿ ತೀರಾ ಸಡಿಲ ಇದ್ದರೆ ಮಡಚಿ ಬಿಗಿ ಮಾಡುತ್ತಾರೆ. ಓರೆ ಜಾಸ್ತಿಯಿದ್ದರೆ ಇನ್ನೊಂದು ಕಣ್ಣಿನ ಕೆಳಗಿನ ನೇರ ಸ್ನಾಯುವನ್ನೂ ಹಿಂದಕ್ಕೆ ಸರಿಸುತ್ತಾರೆ. ದೊಡ್ಡವರಲ್ಲಿ ಕೆಲವೊಮ್ಮೆ ಜಾರುಗಂಟು ಹಾಕಿಟ್ಟು, ಎಚ್ಚರವಾದ ಮೇಲೆ ಎದುರಿಗೆ ನೋಡಿಸಿ, ಎಷ್ಟು ಬೇಕೋ ಅಷ್ಟು ಹೊಂದಿಸಿ ಗಂಟು ಬಿಗಿಯುತ್ತಾರೆ.

ಅಪಾಯವೇ ಇಲ್ಲ ಅಂತ ಹೇಳಲಾಗದು. ತಿದ್ದುವಿಕೆ ಕಡಿಮೆಯೋ ಜಾಸ್ತಿಯೋ ಆಗಬಹುದು, ಎರಡನೇ ಆಪರೇಷನ್ ಬೇಕಾಗಬಹುದು. ಸ್ನಾಯು ಎಳೆದಾಗ ಹೃದಯದ ಬಡಿತ ನಿಧಾನವಾಗುವುದುಂಟು, ಅದಕ್ಕೇ ಅರಿವಳಿಕೆ ತಜ್ಞರು ಮಾನಿಟರ್ ನೋಡುತ್ತಲೇ ಇರುತ್ತಾರೆ. ಕಣ್ಣು ಕೆಲವು ವಾರ ಕೆಂಪಾಗಿರುತ್ತದೆ.

ಊರಿಗೆ ಹೋದಾಗ

ಗೆಳೆಯನ ಅಮ್ಮಮ್ಮ ಕೊನೆಯವರೆಗೂ "ಅದ್ ಅದೃಷ್ಟದ್ ಕಣ್, ಮುಟ್ಟೂಕಾಗ" ಅಂತಲೇ ಇದ್ದರಂತೆ. ಪ್ರೀತಿಯಿಂದ ಹೇಳಿದ ಮಾತು, ನಗಬೇಡಿ. ಆದರೆ ಸಣ್ಣ ಮಕ್ಕಳಲ್ಲಿ ಕಾಯುವುದು ನಷ್ಟ. ಎರಡು ಚಿತ್ರ ಬೇಡ ಅಂತ ಮೆದುಳು ಒಂದು ಕಣ್ಣನ್ನು ಬದಿಗಿಟ್ಟರೆ ಆ ಕಣ್ಣಿನ ದೃಷ್ಟಿಯೇ ಮಂದವಾಗುತ್ತದೆ. ಅದನ್ನು ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸರಿಮಾಡಲು ಸುಮಾರು 7-8 ವರ್ಷದ ಒಳಗೆ ಶುರುಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆಯ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಶಾಲೆಗೆ 1 ಸಲ ಬರಬೇಕು. ತಲೆ ವಾಲಿಸುವ ಮಗು ಇದ್ದರೆ ಅವರಿಗೆ ಹೇಳಿ. ಕುಂದಾಪುರದಲ್ಲಿ ತಾಲೂಕು ಆಸ್ಪತ್ರೆ, ಉಡುಪಿ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ನೇತ್ರ ವಿಭಾಗ ಇದೆ. ಮೆಳ್ಳೆಗಣ್ಣಿನ ತಜ್ಞರು ಯಾವ ದಿನ ಸಿಗುತ್ತಾರೆ, ಆಯುಷ್ಮಾನ್ ಕಾರ್ಡು ಆಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಬೈಂದೂರಿನಿಂದ ಬರುವವರಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಹೋಗುವಾಗ ಹಳೆಯ ಫೋಟೋಗಳನ್ನು ಮರೆಯದೆ ತೆಗೆದುಕೊಂಡು ಹೋಗಿ.

ಗೆಳೆಯನಿಗೆ ಈಗ ಓದುವ ಸಾಲು ಒಂದೇ ಕಾಣುತ್ತದೆ. ತಲೆ ಮಾತ್ರ ಹಳೇ ಅಭ್ಯಾಸಕ್ಕೆ ಆಗಾಗ ಎಡಕ್ಕೆ ವಾಲುತ್ತದೆ. ನಾವು ಈಗ ಕಾಡಿಸುವುದಿಲ್ಲ.