ಜೇಕು ಹುಲ್ಲೇ?

ಪ್ರಶ್ನೆ: ಗದ್ದೆಯಲ್ಲಿ ಕಳೆಯಾಗಿ ಬೆಳೆಯುವ ಜೇಕು ಹುಲ್ಲಿನ ಜಾತಿಯದೇ?

ಅಲ್ಲ. ಹುಲ್ಲಿನಂತೆ ಕಂಡರೂ ಅದು ಸೈಪರೇಸಿ ಎಂಬ ಬೇರೆಯೇ ಕುಟುಂಬದ್ದು. ಲೋಕದಲ್ಲಿ ಈ ಕುಟುಂಬದ ಸುಮಾರು 5,500 ಪ್ರಭೇದಗಳಿವೆ.

ಜೇಕಿನ ಹೂಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಬೇಕು. ಮೂರು ಏಣು ಕೈಗೆ ತಾಗುತ್ತವೆ, ಗಿಣ್ಣು ಸಿಗುವುದಿಲ್ಲ. ಕತ್ತರಿಸಿದರೆ ಒಳಗೆ ತಿರುಳು ತುಂಬಿರುತ್ತದೆ. ಎಲೆಗಳು ಮೂರು ಸಾಲು. ಬುಡದ ಒರೆ ಸೀಳಿಲ್ಲದ ಕೊಳವೆ. ಭತ್ತದ ಕಡ್ಡಿಯಾದರೆ ದುಂಡಗೆ, ಗಿಣ್ಣು ಗಿಣ್ಣಿನ ನಡುವೆ ಪೊಳ್ಳು, ಎಲೆ ಎರಡೇ ಸಾಲು. ದುಂಡು ಕಡ್ಡಿಯ ಜೇಕೂ ಕೆಲವಿವೆ, ಆದ್ದರಿಂದ ಒರೆಯನ್ನೂ ನೋಡುವುದು ಒಳ್ಳೆಯದು.



ಜೇಕಿನ ಬಳಗದ ಕೊನ್ನಾರಿಯನ್ನು ಎಳೆದು ಕಿತ್ತರೆ ಗಡ್ಡೆ ಮಣ್ಣಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಆ ಗಡ್ಡೆಯನ್ನು ಜಜ್ಜಿ ಮೂಸಿದರೆ ಒಳ್ಳೆಯ ಪರಿಮಳ!